ಹಳೆಯ ರೂಟರ್‌ನ ಬಿಸಿ

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಊರಿನ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ಫಿಟ್ಟರ್ ಆಗಿದ್ದವರು. ಮಿಕ್ಸಿ ಕೆಡಲಿ, ಸ್ಕೂಟರ್ ಕೆಡಲಿ, ಮೊದಲು ಅಂಗೈ ಇಟ್ಟು ನೋಡುತ್ತಿದ್ದರು. “ಬಿಸಿ ಇದ್ರೆ ಜೀವ ಇದೆ ಮಾರಾಯ್ತಿ” ಎನ್ನುತ್ತಿದ್ದರು. ಆಯುಧಪೂಜೆಗೆ ನಮ್ಮ ರೂಟರ್‌ಗೂ ವಿಭೂತಿ ಹಚ್ಚಿದವರು ಅವರೇ.

ಆಮೇಲೆ ನಾವು ಇಂಟರ್‌ನೆಟ್ ಕಂಪನಿ ಬದಲಿಸಿದೆವು. ಹೊಸ ರೂಟರ್ ಕೂರಿಸಿದರೂ ನೆಟ್ ಬರಲಿಲ್ಲ. ನನ್ನ ಆನ್‌ಲೈನ್ ಪಾಠಕ್ಕೆ ಮಕ್ಕಳು ಕಾಯುತ್ತಿದ್ದರು. ಹೊಸ ಕಂಪನಿಗೆ ಬೈದು ಬೈದು ಸುಸ್ತಾದ ಮೇಲೆ ಕಾರಣ ಕಣ್ಣಿಗೆ ಬಿತ್ತು. ವಿಭೂತಿ ಹಚ್ಚಿಸಿಕೊಂಡದ್ದನ್ನು ಆರಿಸಲು ಮನಸ್ಸು ಬಾರದೆ ಅಮ್ಮ ಹಳೆಯ ರೂಟರನ್ನೂ ಹಾಗೇ ಉರಿಯಲು ಬಿಟ್ಟಿದ್ದಳು. ಅದಕ್ಕೆ ನೆಟ್ ಇರಲಿಲ್ಲ, ಆದರೂ ನನ್ನ ಲ್ಯಾಪ್‌ಟಾಪ್ ಹಳೆಯ ಗುರುತಿನಿಂದ ಅದನ್ನೇ ಹಿಡಿದು ಕೂತಿತ್ತು.

ನಾನು ಹಳೆಯದರ ವೈರ್ ಕೀಳಲು ಹೋದೆ. ಗಲಾಟೆ ಕೇಳಿ ಬಂದಿದ್ದ ಪಕ್ಕದ ಮನೆಯ ಹಿರಿಯರು ತಡೆದರು.

“ಹಂಗೆ ಕೀಳ್ಬೇಡ ಮಾರಾಯ್ತಿ. ದುಡಿದಿರೋದು ಅದು.”

ತಾವೇ ಸ್ವಿಚ್ ಆರಿಸಿ, ಅದರ ಮೇಲೆ ಅಂಗೈ ಇಟ್ಟು ಕುಳಿತರು. ಲ್ಯಾಪ್‌ಟಾಪ್ ಹೊಸದನ್ನು ಹಿಡಿಯಿತು.

ನಾನು ಪಾಠ ಮುಗಿಸಿ ಬಂದಾಗಲೂ ಅವರು ಹಾಗೇ ಕುಳಿತಿದ್ದರು.

“ಇನ್ನೂ ಬಿಸಿ ಇದೆ ನೋಡು,” ಎಂದು ಕೈ ತೆಗೆದರು.

ಮುಟ್ಟಿ ನೋಡಿದೆ. ಅವರ ಅಂಗೈ ಇದ್ದ ಜಾಗವಷ್ಟೇ ಬೆಚ್ಚಗಿತ್ತು.

“ಹೌದು, ಇದೆ,” ಎಂದೆ.