ಪರದೆಯ ಕೊನೆಯ ಸಾಲು

ಜೂನ್ ಒಂದಕ್ಕೆ ನೀವು ಮೊಮ್ಮಕ್ಕಳೆಲ್ಲ ಸೇರಿ ನನಗೆ ಕೇಕ್ ತರುತ್ತೀರಿ. ನಾನು ನಿಜವಾಗಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ನಮ್ಮೂರು ಮಸೂತಿಯ ಶಾಲೆಯಲ್ಲಿ ಹೆಸರು ಹಚ್ಚುವಾಗ ದೊಡ್ಡ ಗುರುಗಳು ನಮ್ಮ ಇಡೀ ತರಗತಿಗೆ ಜೂನ್ ಒಂದು ಎಂದೇ ಬರೆದುಬಿಟ್ಟರು. ಆ ಕೇಕಿನಲ್ಲಿ ಒಂದು ತುಂಡನ್ನು ನಾನು ಬೇರೆ ತೆಗೆದಿಡುತ್ತೇನೆ. ಅಜ್ಜನ ಪಾಲು ಎಂದು ನೀವು ತಿಳಿದಿದ್ದೀರಿ. ಅಲ್ಲ. ಯಾರದೆಂದು ಬಾಯಿಂದ ಹೇಳಲು ನನಗೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬಸವನ ಬಾಗೇವಾಡಿಯ ಒಂದು ಹತ್ತಿ ಕಂಪನಿಯಲ್ಲಿ ಲಾರಿ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಂಪನಿಯವರು ನನಗೆ ಟೈಪಿಂಗ್ ಕಲಿಸಿ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದರು. ಅಲ್ಲಿದ್ದದ್ದು ನಿಮ್ಮ ಲ್ಯಾಪ್‌ಟಾಪಿನಂಥದ್ದಲ್ಲ. ತಿಜೋರಿಯಷ್ಟು ದೊಡ್ಡ ಕರಿ ಯಂತ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಾಖೆಗಳ ಪರದೆಗಳೆಲ್ಲ ಅದಕ್ಕೇ ಜೋಡಿಸಿದ್ದವು. ಕಪ್ಪು ಪರದೆ, ಹಸಿರು ಅಕ್ಷರ. ಅದಕ್ಕೆ ತಂಪು ಬೇಕು, ನಾನು ಬೇಸಿಗೆಯಲ್ಲೂ ಶಾಲು ಹೊದ್ದು ಕೂರುತ್ತಿದ್ದೆ. ಉಳಿದವರು ಬೇವಿನ ಗಿಡದ ಕೆಳಗೆ ಕೂಡಿ ಉಣ್ಣುವಾಗ ನಾನು ಬುತ್ತಿಯನ್ನು ಆ ಯಂತ್ರದ ಪಕ್ಕದಲ್ಲೇ ಬಿಚ್ಚುತ್ತಿದ್ದೆ.

ಪರದೆಯ ಕೊನೆಯ ಸಾಲಿನಲ್ಲಿ ಒಂದು ಶಾಖೆಯಿಂದ ಇನ್ನೊಂದಕ್ಕೆ ಸಣ್ಣ ಸಂದೇಶ ಕಳಿಸಬಹುದಿತ್ತು. ಒಂದು ಮಧ್ಯಾಹ್ನ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: "ಊಟ ಆತೇನು?"

ಕಳಿಸಿದವಳು ಸಿಂದಗಿ ಶಾಖೆಯಲ್ಲಿ ನನ್ನ ಹಾಗೆಯೇ ಟೈಪ್ ಮಾಡುವ ಹೆಂಗಸು. ಮುಸ್ಲಿಮರ ಮನೆಯವಳು, ನನಗಿಂತ ಹಿರಿಯಳು. ನಾನು ಅವಳನ್ನು ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ ಎಂದೆ, ಅವಳು ನನ್ನನ್ನು ತಂಗಿ ಎಂದಳು. ವರ್ಷಗಟ್ಟಲೆ ಆ ಸಾಲಿನಲ್ಲೇ ಮಾತಾಡಿದೆವು. ಮುಖ ನೋಡಿರಲಿಲ್ಲ, ಧ್ವನಿ ಕೇಳಿರಲಿಲ್ಲ. ದಿನಕ್ಕೆ ಒಮ್ಮೆ ಯಾರಾದರೂ ನನ್ನನ್ನು ಊಟ ಆಯಿತೇ ಎಂದು ಕೇಳುತ್ತಿದ್ದರೆ ಅದು ಅವಳೊಬ್ಬಳೇ.

ಕೆಲಸಗಾರರ ಕಣ್ಣಿನ ಪೊರೆ ತೆಗೆಸಲು ಕಂಪನಿಯವರು ಪಟ್ಟಣದ ಒಂದು ಆಸ್ಪತ್ರೆಗೆ ಹೆಸರು ಕಳಿಸುತ್ತಿದ್ದರು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಒಂದು ಫಾರ್ಮ್. ಮೊದಲು ನಾನೇ ಇನ್ನೊಂದು ಕಂಪ್ಯೂಟರಿನಲ್ಲಿ ಒಂದೊಂದೇ ತುಂಬುತ್ತಿದ್ದೆ. ಕಳಿಸಿದರೆ ಅದು ತಿರುಗಿ ಒಂದು ನಂಬರ್ ಕೊಡುತ್ತಿತ್ತು. ಆಮೇಲೆ ವಿಜಯಪುರದಿಂದ ಒಬ್ಬ ಪ್ರೋಗ್ರಾಮರ್ ಬಂದು, ಹಳೆಯ ಯಂತ್ರವೇ ಫಾರ್ಮ್ ಕಳಿಸುವ ಹಾಗೆ ಮಾಡಿದರು.

"ಅಕ್ಕಾರ, ನಿಮಗ ಬೆರಳ ಸವಸೂದು ತಪ್ಪಿತ್ರಿ. ಹೆಸರಿನ ಮುಂದ ಗುರುತು ಹಾಕಿ ಒಂದ ಕೀ ಒತ್ತರಿ. ಎಲ್ಲಾ ಈ ಮುದುಕನ ತುಂಬಿ ಕಳಿಸ್ತಾನ."

ಯಂತ್ರಕ್ಕೆ ಅವರು ಮುದುಕ ಎನ್ನುತ್ತಿದ್ದರು.

ಅದೇ ಹೊತ್ತಿಗೆ ಆಪಾಳ ಸಂದೇಶ ಬಂತು: "ತಂಗಿ, ಅಕ್ಷರ ಹೊಗಿ ಮುಸುಕಿದಂಗ ಕಾಣಾಕತ್ತಾವ. ಇದೊಂದ ತಿಂಗಳ ನೋಡ್ತೇನಿ, ಇಲ್ಲಂದ್ರ ಬ್ಯಾರೇದವರನ್ನ ಕೂಡಸ್ತೇನಿ ಅಂದಾರ ಸಾಹೇಬ್ರು. ನನ್ನ ಹೆಸರು ಕಳಿಸು."

ಗುರುತು ಹಾಕಿ ಕೀ ಒತ್ತಿದೆ. ಕಳಿಸಿದ್ದಾಯಿತು ಎಂದು ಪರದೆ ತೋರಿಸಿತು. "ಹೋತು ಆಪಾ" ಎಂದು ಬರೆದೆ.

ಅವಳ ನಂತರ ಹೆಸರು ಕಳಿಸಿದವರಿಗೆಲ್ಲ ಆಸ್ಪತ್ರೆಯಿಂದ ಕರೆ ಬಂತು, ಅವಳಿಗೆ ಬರಲಿಲ್ಲ. "ಬಂತೇನ?" ಎಂದು ಕೇಳುವಳು. "ಬರ್ತೈತಿ" ಎನ್ನುವೆ. ಆಸ್ಪತ್ರೆಗೆ ಒಂದು ಫೋನ್ ಮಾಡಬಹುದಿತ್ತು. ಗೊತ್ತಿಲ್ಲದವರ ಜೊತೆ ಮಾತಾಡಬೇಕಲ್ಲ ಎಂದು ನಾಳೆ, ನಾಳೆ ಎಂದು ದೂಡಿದೆ. ಅವಳ ಸಂದೇಶಗಳಲ್ಲಿ ತಪ್ಪು ಅಕ್ಷರ ಹೆಚ್ಚಾದವು. ಒಂದು ದಿನ ಊಟದ ಹೊತ್ತಿಗೆ ಕೊನೆಯ ಸಾಲು ಖಾಲಿ ಉಳಿಯಿತು. ಮರುದಿನವೂ.

ಆಗ ಎದ್ದು ಹೋಗಿ, ಆ ದಿನ ಕಂಪನಿಗೆ ಬಂದಿದ್ದ ಪ್ರೋಗ್ರಾಮರ್ ಮುಂದೆ ನಿಂತೆ. ಅವರು ಹುಡುಕಿ ನೋಡಿ ಹಣೆ ಒತ್ತಿಕೊಂಡರು.

"ಮುದುಕಗ ಕಳಿಸೂದು ಕಲಿಸೇನ್ರಿ, ಉತ್ತರ ಓದೂದು ಕಲಿಸಿಲ್ರಿ. ಹುಟ್ಟಿದ ತಾರೀಖ ಇಲ್ಲಂತ ಆಸ್ಪತ್ರಿ ಕಡಿಂದ ಅವತ್ತ ತಿರುಗಿ ಬಂದೈತಿ. ಯಾರ್ರಿ ಇದನ್ನ ಖಾಲಿ ಬಿಟ್ಟವರು?"

ನಾನೇ. ಆಪಾ ಮನೆಯಲ್ಲಿ ಓದು ಕಲಿತವಳು, ಶಾಲೆಯ ದಾಖಲೆ ಇಲ್ಲ. ಹಿಂದೆ ಎಲ್ಲರ ವಿವರ ಯಂತ್ರಕ್ಕೆ ಏರಿಸುವಾಗ ಅವಳನ್ನು ತಾರೀಖು ಕೇಳಿದ್ದೆ. "ಜ್ವಾಳದ ಸುಗ್ಗಿಯೊಳಗ ಹುಟ್ಟೇನಂತ, ಹಾಕ್ಕೋ" ಎಂದು ಚೇಷ್ಟೆ ಮಾಡಿದ್ದಳು. ನಾನು ನಕ್ಕು ಖಾಲಿ ಬಿಟ್ಟಿದ್ದೆ. ಹಳೆಯ ಯಂತ್ರ ತಕರಾರು ಮಾಡಲಿಲ್ಲ. ಕೈಯಿಂದ ಫಾರ್ಮ್ ತುಂಬುವಾಗ ತಾರೀಖು ಇಲ್ಲದವರಿಗೆ ನಾನು ನಮ್ಮ ಗುರುಗಳ ಹಾಗೆ ಜೂನ್ ಒಂದು ಎಂದು ಹಾಕಿಬಿಡುತ್ತಿದ್ದೆ. ಕೈಗೆ ಅಷ್ಟು ರೂಢಿಯಾಗಿತ್ತು, ಯಾರಿಗೂ ಹೇಳಬೇಕೆಂದು ಹೊಳೆಯಲೇ ಇಲ್ಲ. ಯಂತ್ರಕ್ಕೆ ಅದು ಗೊತ್ತಿರಲಿಲ್ಲ.

ಆಪಾಗೆ ಜೂನ್ ಒಂದು ಹಾಕಿ, ಮೊದಲಿನ ಹಾಗೆ ಇನ್ನೊಂದು ಕಂಪ್ಯೂಟರಿನಲ್ಲಿ ನಾನೇ ಫಾರ್ಮ್ ತುಂಬಿ ಕಳಿಸಿದೆ. ಈ ಸಲ ಪರದೆಯ ಮೇಲೆ ನಂಬರ್ ಬಂತು. ಕೊನೆಯ ಸಾಲಿನಲ್ಲಿ ಬರೆದು ತಿಳಿಸಿದರೆ, "ಅವರು ಕೆಲಸ ಬಿಟ್ರು" ಎಂದು ಬೇರೆ ಯಾರೋ ಉತ್ತರ ಕೊಟ್ಟರು.

ಆ ಭಾನುವಾರ ಒಬ್ಬಳೇ ಸಿಂದಗಿ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಮನೆ ಮುಟ್ಟಿದಾಗ ಅವಳು ಬಾಗಿಲಲ್ಲಿ ಕೂತಿದ್ದಳು.

"ಯಾರ್ರಿ?"

"ನಾನ ಆಪಾ, ಬಾಗೇವಾಡಿ."

ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಅಯ್ಯ, ಇಷ್ಟ ಕುಳ್ಳಿ ಅದಿ ಅಂತ ಗೊತ್ತಿರಲಿಲ್ಲ ಬಿಡು."

"ಕಣ್ಣ ಕಾಣಂಗಿಲ್ಲ ಅಂತಿ, ಕುಳ್ಳಿ ಅನ್ನೂದು ಹೆಂಗ ಕಂಡಿತು?"

"ನಿಂತಾಕೀ ಧ್ವನಿ ಕುಂತಾಕೀ ಕಿವಿಗೆ ಸಮ ಬಂತಲ್ಲ!"

ಇಬ್ಬರೂ ನಕ್ಕೆವು. ನಂಬರಿನ ಚೀಟಿ ಅವಳ ಕೈಯಲ್ಲಿಟ್ಟು ತಪ್ಪು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. "ಹುಟ್ಟಿದ ದಿನರೆ ಒಂದ ಸಿಕ್ಕಿತು ತಗೋ" ಎಂದಳು. ಆಮೇಲೆ ಆ ಹಸಿರು ಸಾಲು ಎದುರಿಗೆ ಇಲ್ಲದೆ ಏನು ಹೇಳಬೇಕೋ ತಿಳಿಯದೆ ಚಹಾ ಕುಡಿದು ಬಂದೆ.

ಪೊರೆ ತೆಗೆದರು, ದೃಷ್ಟಿ ಮರಳಿ ಬಂತು. ಕೆಲಸ ಬರಲಿಲ್ಲ. ಅವಳು ಒಡಹುಟ್ಟಿದ ತಂಗಿಯ ಮನೆಗೆಂದು ದೇವಣಗಾಂವಕ್ಕೆ ಹೋದಳೆಂದು ಕೇಳಿದೆ. ಅವಳ ಫೋನ್ ನಂಬರ್ ನನ್ನ ಬಳಿ ಇದೆ. ಎಷ್ಟೋ ಸಲ ಒತ್ತಿ, ಆ ಕಡೆ ರಿಂಗ್ ಆಗುವ ಮುಂಚೆ ಇಟ್ಟಿದ್ದೇನೆ. ನಿವೃತ್ತಿಯಾಗುವವರೆಗೂ ಆ ಕೋಣೆಯಲ್ಲಿ ಬುತ್ತಿ ಬಿಚ್ಚುವ ಮುಂಚೆ ಕೊನೆಯ ಸಾಲು ನೋಡುತ್ತಿದ್ದೆ.

ಈ ಸಲ ಜೂನ್ ಒಂದಕ್ಕೆ ಯಾರಾದರೂ ನನ್ನ ಪಕ್ಕ ಕೂತು ಆ ನಂಬರ್ ಒತ್ತಿ ಕೊಡಿ. ಆ ಕಡೆಯಿಂದ ಎತ್ತಿದ ಮೇಲೆ ಫೋನು ನನ್ನ ಕೈಗೆ ಕೊಡಿ. ಊಟ ಆತೇನು ಅಂತಾದರೂ ಕೇಳುತ್ತೇನೆ.