ಫೋಟೊದಲ್ಲಿ ಇಲ್ಲದ ಹುಡುಗಿ

ನಿಪ್ಪಾಣಿಯ ನಮ್ಮ ಚರ್ಚಿನಲ್ಲಿ ಬಹಳ ವರ್ಷ ಭಾನುವಾರದ ಶಾಲೆ ನಡೆಸಿದವಳು ನಾನು. ಬಾಯಿ ಜೋರು, ಮಕ್ಕಳಿರಲಿ, ಪಾಸ್ಟರೂ ಅಂಜುತ್ತಿದ್ದರು. ಪ್ರತಿ ಕ್ರಿಸ್‌ಮಸ್‌ಗೆ ಆರಾಧನೆ ಮುಗಿದ ಕೂಡಲೇ ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆಸುವುದು ನನ್ನ ಕೆಲಸ. ಎತ್ತರದವರು ಹಿಂದೆ, ಕುಳ್ಳರು ಮುಂದೆ, ಎಲ್ಲರ ಮೂಗು ಒರೆಸಿರಬೇಕು. ಆಮೇಲೆ ಅದಕ್ಕೆ ಕಟ್ಟು ಹಾಕಿಸಿ ಒಳಗಿನ ಗೋಡೆಗೆ ತೂಗುಹಾಕುತ್ತಿದ್ದೆವು.

ಮಕ್ಕಳಲ್ಲಿ ಒಬ್ಬಳು ಬೀಡಿ ಕಟ್ಟುವ ಹೆಂಗಸಿನ ಮಗಳು. ತಾಯಿ ಚರ್ಚಿನವಳಲ್ಲ, ಮಗಳನ್ನು ಬಾಗಿಲಿಗೆ ಬಿಟ್ಟು ಕೆಲಸಕ್ಕೆ ಓಡುತ್ತಿದ್ದಳು. ಹುಡುಗಿಯ ತಲೆ, ಕೈ ಸದಾ ನಡುಗುತ್ತಿದ್ದವು. ಜೊಲ್ಲು ಸುರಿಯುತ್ತಿತ್ತು, ಮಾತು ಬರುತ್ತಿರಲಿಲ್ಲ. ಕಳೆದುಹೋದ ಕುರಿಯ ಕಥೆ ಎಂದರೆ ಅವಳಿಗೆ ಪ್ರಾಣ. ಕುರುಬ ಉಳಿದವನ್ನೆಲ್ಲ ಬಿಟ್ಟು ಆ ಒಂದನ್ನೇ ಹುಡುಕಿ ಹೆಗಲ ಮೇಲೆ ಹೊತ್ತು ತಂದ ಎಂದಾಗ ಚಪ್ಪಾಳೆ ತಟ್ಟುತ್ತಿದ್ದಳು. ದೇವರ ಲೆಕ್ಕದಲ್ಲಿ ಯಾವ ಮಗುವೂ ಬಿಟ್ಟುಹೋಗುವುದಿಲ್ಲ ಎಂದು ನಾನು ಕಥೆ ಮುಗಿಸುತ್ತಿದ್ದೆ.

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ಫೋಟೊ ಹೊತ್ತಿಗೆ ಅವಳನ್ನು ಸಾಲಿನಿಂದ ಈಚೆ ಕರೆಯುತ್ತಿದ್ದೆ. ಅಲುಗಾಡಿದರೆ ಫೋಟೊ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ, ಅವಳು ಕಾಣಿಸುವುದು ನನಗೆ ಬೇಡವಾಗಿತ್ತು. ಮೆಟ್ಟಿಲ ಕೆಳಗೆ ಬಿಟ್ಟ ಎಲ್ಲರ ಚಪ್ಪಲಿ ನೋಡಿಕೋ, ಅದು ದೊಡ್ಡ ಕೆಲಸ ಎಂದು ಪುಸಲಾಯಿಸಿ, ಫೋಟೊ ತೆಗೆಯುವಾಗ ಕ್ಯಾಮೆರಾದವನ ಬೆನ್ನ ಹಿಂದೆ ನಿಲ್ಲಿಸುತ್ತಿದ್ದೆ. ಅವಳು ನಂಬುತ್ತಿದ್ದಳು. ಹೀಗೆ ಆರು ಕ್ರಿಸ್‌ಮಸ್ ಕಳೆದವು.

ಏಳನೆಯದು ಬರುವ ಮೊದಲೇ ಜ್ವರ ಬಂದು ತೀರಿಕೊಂಡಳು. ಎರಡು ತಿಂಗಳ ಮೇಲೆ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಮೊಬೈಲು ನೀರಿಗೆ ಬಿದ್ದು ಅದರಲ್ಲಿದ್ದ ಮಗಳ ಒಂದೆರಡು ಚಿತ್ರವೂ ಹೋದವಂತೆ.

"ಅಕ್ಕೋರ, ಕ್ರಿಸ್‌ಮಸ್ ಫೋಟೊದಾಗ ಆಕಿ ಇರಬೇಕಲ್ರಿ? ಒಂದು ಕೊಡ್ರಿ. ಆಕಿ ಮಾರಿ ಮರಿಯಾಕತ್ತೇನ್ರಿ."

ಇಷ್ಟು ಜೋರು ಬಾಯಿಯವಳಿಗೂ ಇಲ್ಲ ಎನ್ನಲಾಗಲಿಲ್ಲ. ಚರ್ಚಿಗೆ ಕರೆದೊಯ್ದು ಆರೂ ಫೋಟೊ ಇಳಿಸಿ ಬೆಂಚಿನ ಮೇಲಿಟ್ಟೆ. ತಂಬಾಕಿನ ವಾಸನೆಯ ಬೆರಳನ್ನು ಒಂದೊಂದೇ ಮುಖದ ಮೇಲಿಟ್ಟು ನೋಡುತ್ತ ಹೋದಳು. ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ನನಗೆ ತಡೆಯಲಾಗಲಿಲ್ಲ.

"ಆಕಿನ್ನ ಹೊರಗ ನಿಲ್ಲಿಸಿದಾಕಿ ನಾನ," ಎಂದೆ. "ತಪ್ಪಾತವ್ವಾ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೊರಗೆ ನಿಂತು ಏನು ಮಾಡುತ್ತಿದ್ದಳು ಎಂದಷ್ಟೇ ಕೇಳಿದಳು. ಚಪ್ಪಲಿ ನೋಡಿಕೊಳ್ಳುತ್ತಿದ್ದಳು ಎಂದೆ. ತಾಯಿಯ ಬೆರಳು ಫೋಟೊದ ಮೂಲೆಗೆ ಸರಿಯಿತು. ಅಲ್ಲಿ, ಕೆಳಗಿನ ಮೆಟ್ಟಿಲ ಪಕ್ಕ, ಎಲ್ಲ ಚಪ್ಪಲಿಗಳೂ ಜೊತೆಜೊತೆಯಾಗಿ ನೆಟ್ಟಗೆ ಸಾಲು ಹಿಡಿದು ಕೂತಿದ್ದವು. ಆರೂ ಫೋಟೊದಲ್ಲಿ ಹಾಗೆಯೇ. ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ. ಆ ನಡುಗುವ ಕೈಗಳಿಗೆ ಎಷ್ಟು ಹೊತ್ತು ಹಿಡಿದಿರಬೇಕು.

ಕೊನೆಯ ವರ್ಷದ್ದನ್ನು ಅವಳು ಒಯ್ದಳು. ಸ್ಟುಡಿಯೊದಲ್ಲಿ ಆ ಮೂಲೆಯನ್ನಷ್ಟೇ ದೊಡ್ಡದು ಮಾಡಿಸಿ, ದೇವರ ಪಟದ ಪಕ್ಕ ಇಟ್ಟು ಹಾರ ಹಾಕಿದ್ದಾಳೆ. ಬಂದವರು ಕೇಳಿದರೆ ಮಗಳು ಎನ್ನುತ್ತಾಳೆ.

ಫೋಟೊದ ಉಸಾಬರಿ ಬಿಟ್ಟೆ. ಆದರೂ ಎಲ್ಲಿಯಾದರೂ ಮಕ್ಕಳು ಸಾಲಾಗಿ ನಿಂತರೆ, ಕ್ಯಾಮೆರಾದವನ ಬೆನ್ನ ಹಿಂದೆ ಯಾರೋ ಚಪ್ಪಾಳೆ ತಟ್ಟಿದಂತಾಗುತ್ತದೆ. ತಿರುಗಿ ನೋಡಲು ಧೈರ್ಯ ಸಾಲದು.

ಮೊನ್ನೆ ಅವರ ಮನೆಗೆ ಹೋದಾಗ ಆ ಚಪ್ಪಲಿಗಳ ಪಟವನ್ನು ಹತ್ತಿರದಿಂದ ನೋಡಿದೆ. ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು, ಚೂರೂ ಓರೆಯಾಗದಂತೆ ಇಟ್ಟಿದ್ದ ಜೊತೆ ನನ್ನದು.