ಒಂದೂವರೆ ಗಂಟೆಯಲ್ಲಿ ಬಂದ ಭಾವ

ನನ್ನ ಹೆಂಡತಿಯ ರಕ್ತಕ್ಕೆ ನಾವಿರುವ ಊರಿನದೇ ಹೆಸರು, ಬಾಂಬೆ ಗ್ರೂಪ್. ತೀರಾ ಅಪರೂಪದ್ದು; ಬೇರೆ ಯಾವ ಗುಂಪಿನ ರಕ್ತವೂ ಅವಳಿಗೆ ಒಗ್ಗುವುದಿಲ್ಲ. ಗರ್ಭಕೋಶದ ಗಡ್ಡೆ ತೆಗೆಸಲು ಪವಾಯಿಯ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಎರಡು ಬಾಟಲಿ ರಕ್ತ ಕೈಯಲ್ಲಿರಲೇಬೇಕು ಎಂದರು. ಒಂದು ಸಿಕ್ಕಿತ್ತು. ಇನ್ನೊಂದನ್ನು ಕೊಡಬೇಕಿದ್ದ ಠಾಣೆಯ ದಾನಿಗೆ ಆಪರೇಷನ್ನಿನ ಹಿಂದಿನ ದಿನ ಜ್ವರ ಬಂತು.

ಅದೇ ಗುಂಪಿನವರೆಂದು ನನಗೆ ಗೊತ್ತಿದ್ದದ್ದು ಅವಳ ಅಣ್ಣ ಮಾತ್ರ. ಮಂಗಳೂರಿನಲ್ಲಿದ್ದರು. ಇಪ್ಪತ್ತು ವರ್ಷ ಮಂಗಳೂರು–ಮುಂಬೈ ಬಸ್ಸು ಓಡಿಸಿದವರು, ವಿಮಾನ ಹತ್ತಿದವರಲ್ಲ. ನಾಳೆ ನಾಲ್ಕಕ್ಕೆ ಆಪರೇಷನ್ ಎಂದು ಆ ಸಂಜೆಯೇ ಫೋನು ಮಾಡಿದೆ.

"ಈಗ ಬಸ್ಸು ಹತ್ತಿದ್ರೂ ನಾಳೆ ಮಧ್ಯಾಹ್ನ ಆಗ್ತದೆ ಮಾರಾಯ. ರಕ್ತ ಟೆಸ್ಟ್ ಮಾಡ್ಲಿಕ್ಕೆ ಟೈಮ್ ಬೇಡ್ವಾ?" ಎಂದರು.

"ಬೆಳಿಗ್ಗೆ ಫ್ಲೈಟ್ ಉಂಟು ಭಾವ. ಒಂದೂವರೆ ಗಂಟೆ ಅಷ್ಟೆ."

"ಒಂದೂವರೆ ಗಂಟೆಯಲ್ಲಿ ನಾನು ಕುಂದಾಪುರ ಸಹ ಮುಟ್ಟುದಿಲ್ಲ," ಎಂದರು. ಆಮೇಲೆ, "ಟಿಕೆಟ್ ಮಾಡು."

ಬೆಳಿಗ್ಗೆ ಏರ್‌ಪೋರ್ಟಿನ ಹೊರಗೆ ನಿಂತು ಮೊಬೈಲಿನಲ್ಲಿ ಅವರ ವಿಮಾನವನ್ನೇ ನೋಡುತ್ತಿದ್ದೆ. ಗೋವಾ ದಾಟಿತು, ರತ್ನಾಗಿರಿ ದಾಟಿತು, ಹೇಳಿದ ಸಮಯಕ್ಕೆ ಮುಂಬೈ ಹತ್ತಿರ ಬಂತು. ಆದರೆ ಇಳಿಯಲಿಲ್ಲ. ಸಮುದ್ರದ ಮೇಲೆ ಒಂದು ಸುತ್ತು ಹಾಕಿತು, ಮತ್ತೊಂದು ಸುತ್ತು. ಪಕ್ಕದಲ್ಲಿದ್ದ ಟ್ಯಾಕ್ಸಿಯವನು ಇಣುಕಿ ನೋಡಿ, "ರನ್‌ವೇ ಖಾಲಿ ನಹೀಂ ಹೋಗಾ ಸಾಬ್. ರೋಜ್ ಕಾ ಹೈ," ಎಂದ; ಇಳಿಯಲು ಜಾಗ ಖಾಲಿ ಇರಲಿಕ್ಕಿಲ್ಲ, ಇದು ದಿನವೂ ಇದ್ದದ್ದೇ ಎಂದು. ಇಪ್ಪತ್ತು ನಿಮಿಷ ತಡವಾಗಿ ವಿಮಾನ ಇಳಿಯಿತು.

ಹೆಗಲ ಮೇಲೊಂದು ಚೀಲ ಹಾಕಿಕೊಂಡು ಭಾವ ಹೊರಗೆ ಬಂದರು. "ಎಂಥದು ಮಾರಾಯ, ಅಷ್ಟು ಮೇಲೆ ಸಹ ಟ್ರಾಫಿಕ್ ಜಾಮಾ?"

ಪವಾಯಿಯವರೆಗೂ ರಿಕ್ಷಾದಲ್ಲಿ, ಎದುರಿಗೆ ಗಾಡಿ ನಿಂತಾಗಲೆಲ್ಲ ಅವರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು.

ಹನ್ನೊಂದರ ಹೊತ್ತಿಗೆ ರಕ್ತ ಕೊಟ್ಟಾಯಿತು. ಮೂರಕ್ಕೆ ಟೆಸ್ಟಿನ ರಿಪೋರ್ಟ್ ಬಂತು, ಎಲ್ಲ ಸರಿಯಿತ್ತು. ನಾಲ್ಕಕ್ಕೆ ಅವಳನ್ನು ಒಳಗೆ ಕರೆದೊಯ್ದರು. ಆರು ಗಂಟೆಗೆ ಡಾಕ್ಟರು ಹೊರಗೆ ಬಂದು, ಆಪರೇಷನ್ ಚೆನ್ನಾಗಿ ಆಯಿತು, ಒಂದೇ ಬಾಟಲಿ ಸಾಕಾಯಿತು, ಅಣ್ಣನದು ಬೇಕಾಗಲಿಲ್ಲ ಎಂದರು.

ಇಷ್ಟು ಓಡಿ ಬಂದದ್ದು ದಂಡವಾಯಿತೆಂದು ಭಾವನಿಗೆ ಅನಿಸೀತೇನೋ ಎಂದು ಅಳುಕುತ್ತ ಅವರ ಕಡೆ ತಿರುಗಿದೆ. ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, "ಬೇಡವಾದ್ದೇ ಒಳ್ಳೇದಾಯ್ತು. ರಕ್ತ ಬ್ಲಡ್ ಬ್ಯಾಂಕಲ್ಲೇ ಇರ್ಲಿ, ಯಾರಿಗಾದ್ರೂ ಆಗ್ತದೆ," ಎಂದರು.

ಮಂಪರಿನಲ್ಲೇ ಕಣ್ಣು ತೆರೆದ ನನ್ನ ಹೆಂಡತಿ ಅವರನ್ನು ಕಂಡು, "ಅಣ್ಣ, ಯಾವ ಬಸ್ಸಲ್ಲಿ ಬಂದದ್ದು?" ಎಂದಳು. ನರ್ಸಿಗೂ ನಗು ಬಂತು. ಬೆಳಗ್ಗಿನಿಂದ ನಾನು ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಕೆಳಗಿಳಿದು ರಸ್ತೆ ಬದಿಯಲ್ಲಿ ನಿಂತು, ಒಂದರ ಮೇಲೊಂದು ಮೂರು ವಡಾಪಾವ್ ತಿಂದೆ.